ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಂಚಿನ ಗೋದಾಮು ಆರಾಧನಾಲಯವಾಗುವ ಮುನ್ನ

ಹಳೆಯ ಕಟ್ಟಡವೊಂದನ್ನು ಕೊಂಡು, ದುರಸ್ತಿ ಮಾಡಿ, ತಮ್ಮದೇ ಆರಾಧನಾಲಯ ಮಾಡಿಕೊಳ್ಳಲು ಹೊರಟ ಕರಾವಳಿಯ ಕ್ರೈಸ್ತ ಸಭೆಗಳಿಂದ ಬಂದ ಪ್ರಶ್ನೆಗಳನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಕಟ್ಟಡದ ಪ್ರಶ್ನೆಗಳಿಗೆ ಸಿವಿಲ್ ಎಂಜಿನಿಯರ್, ಹಣಕಾಸಿನ ಪ್ರಶ್ನೆಗಳಿಗೆ ಲೆಕ್ಕ ಪರಿಶೋಧಕರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು 90 ಕುಟುಂಬಗಳ ಸಭೆ. ಭಾನುವಾರದ ಆರಾಧನೆ ಬಾಡಿಗೆ ಹಾಲ್‌ನಲ್ಲಿ ನಡೆಯುತ್ತಿದೆ. 80 ಅಡಿ ಉದ್ದ, 40 ಅಡಿ ಅಗಲದ ಹಂಚಿನ ಗೋದಾಮೊಂದು ಮಾರಾಟಕ್ಕಿದೆ. ಮೊದಲು ಹಣ ಸಂಗ್ರಹಿಸಬೇಕೋ, ಅಡ್ವಾನ್ಸ್ ಕೊಟ್ಟು ಕಟ್ಟಡ ಹಿಡಿಯಬೇಕೋ?
— ಸಮಿತಿಯ ಕಾರ್ಯದರ್ಶಿ, ಉಡುಪಿ ಜಿಲ್ಲೆ

ಎರಡಕ್ಕೂ ಮೊದಲು ಕಾಗದಪತ್ರ ಮತ್ತು ಕಟ್ಟಡ, ಇವೆರಡರ ತಪಾಸಣೆ ಮುಗಿಯಬೇಕು. ಮೂಲಪತ್ರ, ಕನಿಷ್ಠ 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಕನ್ವರ್ಷನ್ (ಭೂ ಪರಿವರ್ತನೆ) ಆದೇಶ, ಖಾತೆ, ಇಷ್ಟನ್ನೂ ವಕೀಲರಿಗೆ ತೋರಿಸಿ. ಗೋದಾಮಿನ ಜಾಗ ಸಾಮಾನ್ಯವಾಗಿ ವಾಣಿಜ್ಯ ಅಥವಾ ಕೈಗಾರಿಕಾ ಉದ್ದೇಶಕ್ಕೆ ಕನ್ವರ್ಷನ್ ಆಗಿರುತ್ತದೆ. ಅಲ್ಲಿ ಆರಾಧನಾ ಸ್ಥಳಕ್ಕೆ ಅವಕಾಶವಿದೆಯೇ, ಭೂ ಉಪಯೋಗ ಬದಲಾವಣೆ ಬೇಕೇ ಎಂಬುದನ್ನು ಯೋಜನಾ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆಯಿಂದ ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು. ಕರಾರುಪತ್ರದಲ್ಲಿ ‘ಅನುಮತಿ ಸಿಗದಿದ್ದರೆ ಅಡ್ವಾನ್ಸ್ ವಾಪಸ್’ ಎಂಬ ಷರತ್ತು ಇರಲೇಬೇಕು.

ಆಸ್ತಿ ಯಾರ ಹೆಸರಿಗೆ ಎಂಬುದೂ ಈಗಲೇ ತೀರ್ಮಾನವಾಗಲಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಆಸ್ತಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿಗೆ ಹೋಗುತ್ತದೆ, ಕಥೋಲಿಕರಲ್ಲಿ ಧರ್ಮಪ್ರಾಂತದ ನಿಯಮವಿದೆ. ಸ್ವತಂತ್ರ ಸಭೆಯಾದರೆ ನೋಂದಾಯಿತ ಟ್ರಸ್ಟ್ ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘ ಇರಬೇಕು. ‘ಸದ್ಯಕ್ಕೆ ಪಾಸ್ಟರ್ ಹೆಸರಲ್ಲಿರಲಿ’ ಎಂದು ಬರೆಸಿಕೊಂಡರೆ ಮುಂದೆ ಅದು ಅವರ ವಾರಸುದಾರರ ಆಸ್ತಿಯಾಗುತ್ತದೆ. ಸಭೆಗೆ ವರ್ಗಾಯಿಸಲು ಮತ್ತೆ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ.

ಕಟ್ಟಡ ನೋಡಲು ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಹಳೆಯ ಮನೆಗಳ ಕೆಲಸ ಬಲ್ಲ ಆಚಾರಿಯೂ ಬರಲಿ. ಪಕ್ಕಾಸುಗಳು (ಛಾವಣಿಯ ಇಳಿಜಾರು ಮರಗಳು) ಗೋಡೆಯ ಮೇಲೆ ಕೂರುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೊದಲು ಲಡ್ಡಾಗುವುದು (ಕೊಳೆಯುವುದು) ಆ ತುದಿಯೇ. ತೂಕಗುಂಡು ಇಳಿಬಿಟ್ಟು ಗೋಡೆ ವಾಲಿದೆಯೇ ಅಳೆಯಿರಿ: ಉದ್ದ ಗೋಡೆಯ ನಡುಭಾಗ ಹೊರಗೆ ಉಬ್ಬಿದ್ದರೆ ಮಾಡು (ಛಾವಣಿ) ಗೋಡೆಯನ್ನು ತಳ್ಳುತ್ತಿದೆ ಎಂದರ್ಥ, ಅಲ್ಲಿ ಅಡ್ಡ ತೊಲೆ ಅಥವಾ ಕಬ್ಬಿಣದ ಸರಳಿನ ಕಟ್ಟು ಬೇಕು. ಗೋದಾಮಿನಲ್ಲಿ ಕಿಟಕಿ ಕಡಿಮೆ. ಹೊಸ ಕಿಟಕಿ ಕೊರೆಯುವುದಾದರೆ ಮೂಲೆಯಿಂದ ಕನಿಷ್ಠ 4 ಅಡಿ ದೂರವಿರಲಿ. ಲಿಂಟಲ್ ಎರಡೂ ಕಡೆ 9 ಅಂಗುಲ ಗೋಡೆಯೊಳಗೆ ಕೂರಲಿ.

ಇವಿಷ್ಟು ಮುಗಿದ ಮೇಲೆ ಹಣದ ಕರೆ. ಒಂದೇ ದೊಡ್ಡ ಮೊತ್ತ ಘೋಷಿಸದೆ ಮೂರು ಹಂತ ಮಾಡಿ. ಮೊದಲನೆಯದು ಮಾಡು, ನೀರಿನ ಚರಂಡಿ ಮತ್ತು ಗೆದ್ದಲು ನಿಯಂತ್ರಣ. ಎರಡನೆಯದು ಗೋಡೆ, ನೆಲ, ವೈರಿಂಗ್, ಶೌಚಾಲಯ ಮತ್ತು ಗಾಲಿಕುರ್ಚಿಗೆ ರಾಂಪ್ (1 ಅಡಿ ಏರಿಕೆಗೆ 12 ಅಡಿ ಉದ್ದ). ವೇದಿ, ಬೆಂಚು, ಧ್ವನಿವ್ಯವಸ್ಥೆ, ಗಂಟೆ ಕೊನೆಗೆ. ಜನರಿಗೆ ವೇದಿ ಮತ್ತು ಗಂಟೆಗೆ ಕೊಡುವ ಉತ್ಸಾಹ ಹೆಚ್ಚು, ಚರಂಡಿಗೆ ಕಡಿಮೆ. ಹಾಗಾಗಿ ‘ಗಂಟೆಗೆ ಮಾತ್ರ’ ಎಂದು ಷರತ್ತು ಹಾಕಿದ ಕಾಣಿಕೆಯನ್ನು ಮೊದಲ ಹಂತ ಮುಗಿಯುವ ತನಕ ಬೇಡವೆನ್ನುವುದೇ ಲೇಸು. ಷರತ್ತಿನ ಹಣವನ್ನು ಬೇರೆಡೆ ಬಳಸುವಂತಿಲ್ಲ.

ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ಮಾಡು ಬಿಚ್ಚಿ ಮತ್ತೆ ಮುಚ್ಚಲು ಬೇಕಾದ ಪೂರ್ತಿ ಹಣ ಬ್ಯಾಂಕಿಗೆ ಬಂದು ಸೇರುವವರೆಗೆ ಒಂದು ಹಂಚನ್ನೂ ಇಳಿಸಬೇಡಿ. ದೀಪಾವಳಿಯ ನಂತರ ಶುರುಮಾಡಿ ಮೇ ಮಧ್ಯದೊಳಗೆ ಮುಗಿಸಬೇಕಾದ ಕೆಲಸವಿದು. ಜನವರಿಯಲ್ಲಿ ಬಿಚ್ಚಿ, ಏಪ್ರಿಲ್‌ನಲ್ಲಿ ಹಣ ಮುಗಿದು, ಜೂನ್‌ನಲ್ಲಿ ಟಾರ್ಪಾಲಿನಡಿ ನೆನೆದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯನ್ನು ಸರಿಪಡಿಸುವ ಖರ್ಚು ಮಾಡಿನ ಖರ್ಚನ್ನೂ ಮೀರಬಹುದು. ವಾಗ್ದಾನ ಚೀಟಿಗಳ ಮೊತ್ತ ಕೈಯಲ್ಲಿರುವ ಹಣವಲ್ಲ. ಅದರ ಮೂರರಲ್ಲಿ ಎರಡು ಪಾಲು ಬರುತ್ತದೆಂದು ಎಣಿಸಿ ಯೋಜನೆ ಹಾಕಿ. ಅಂದಾಜು ಪಟ್ಟಿಯ ಮೇಲೆ ಶೇ 20 ಹೆಚ್ಚುವರಿ ಇಟ್ಟುಕೊಳ್ಳಿ. ಹೊಸ ಕಟ್ಟಡಕ್ಕೆ ಇದರ ಅರ್ಧ ಸಾಕು, ಹಳೆಯದರಲ್ಲಿ ಮುಚ್ಚಿದ್ದನ್ನು ತೆರೆದಾಗಲೇ ದೋಷ ಕಾಣುವುದು.

ಪ್ರಶ್ನೆ: ಕಟ್ಟಡ ನಿಧಿಗೆ ಕೊಟ್ಟವರು 80 ಜಿ (ದಾನಿಗೆ ಆದಾಯ ತೆರಿಗೆ ಕಡಿತ ಕೊಡುವ) ರಸೀದಿ ಕೇಳುತ್ತಿದ್ದಾರೆ. ಕೊಡಬಹುದೇ?
— ಖಜಾಂಚಿ, ಮಂಗಳೂರು

ಆರಾಧನೆಯೇ ಮುಖ್ಯ ಉದ್ದೇಶವಾದ ಸಂಸ್ಥೆಗೆ ಸಾಮಾನ್ಯವಾಗಿ 80 ಜಿ ಸಿಗುವುದಿಲ್ಲ. ಆ ಮನ್ನಣೆ ಇರುವ ಸೇವಾ ಸಂಸ್ಥೆಯೂ ವರ್ಷದ ಆದಾಯದ ಶೇ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕೆಲಸಕ್ಕೆ ವೆಚ್ಚ ಮಾಡುವಂತಿಲ್ಲ. ಆದ್ದರಿಂದ ಸಭೆಯ ಶಾಲೆ ಅಥವಾ ಆಸ್ಪತ್ರೆ ಟ್ರಸ್ಟಿನ ರಸೀದಿ ಪುಸ್ತಕದಲ್ಲಿ ಆರಾಧನಾಲಯದ ಹಣ ಪಡೆಯುವ ದಾರಿ ಹಿಡಿದರೆ ಆ ಟ್ರಸ್ಟಿನ ನೋಂದಣಿಗೇ ಕುತ್ತು. ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವದ್ದೆಂದು, ಇಲ್ಲವೇ ರಾಜ್ಯದಾದ್ಯಂತ ಹೆಸರಾದದ್ದೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ದೇವಾಲಯ, ಮಸೀದಿ, ಗುರುದ್ವಾರ, ಚರ್ಚುಗಳ ದುರಸ್ತಿಗೆ ಕೊಟ್ಟ ದಾನಕ್ಕೆ ಶೇ 50 ಕಡಿತವಿದೆ. ಈಗಷ್ಟೇ ಆರಾಧನಾಲಯವಾಗುವ ಗೋದಾಮು ಅದರಲ್ಲಿ ಬರುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗೆ 80 ಜಿ ಕಡಿತವೇ ಇಲ್ಲವೆಂಬುದನ್ನೂ ತಿಳಿಸಿ, ಹಲವರ ಒತ್ತಾಯ ಅಲ್ಲಿಗೇ ನಿಲ್ಲುತ್ತದೆ.

ಖಜಾಂಚಿಗೆ ಇದಕ್ಕಿಂತ ಮುಖ್ಯವಾದದ್ದು ಸಭೆಯದೇ ತೆರಿಗೆ. ನೋಂದಾಯಿತ ಧಾರ್ಮಿಕ ಟ್ರಸ್ಟ್ ಆ ವರ್ಷದ ಆದಾಯದ ಶೇ 85ನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು. ಕಟ್ಟಡಕ್ಕೆಂದು ಎರಡು ಮೂರು ವರ್ಷ ಕೂಡಿಡುವಾಗ ಇದೇ ಎಡವುವ ಜಾಗ. ಪರಿಹಾರ ಎರಡು. ಉದ್ದೇಶ ಮತ್ತು ಅವಧಿ (ಗರಿಷ್ಠ 5 ವರ್ಷ) ನಮೂದಿಸಿ ಫಾರಂ 10ನ್ನು ಗಡುವಿನೊಳಗೆ ಸಲ್ಲಿಸುವುದು ಒಂದು. ದಾನಿಯಿಂದ ‘ಇದು ಕಟ್ಟಡದ ಕಾರ್ಪಸ್ (ಮೂಲಧನ) ನಿಧಿಗೆ’ ಎಂಬ ಸಹಿ ಮಾಡಿದ ಪತ್ರ ಪಡೆದು, ಆ ಹಣವನ್ನು ಪ್ರತ್ಯೇಕವಾಗಿ ಬ್ಯಾಂಕ್ ಠೇವಣಿಯಲ್ಲಿಡುವುದು ಇನ್ನೊಂದು. ರಸೀದಿಯಲ್ಲಿ ಖಜಾಂಚಿಯೇ ‘ಕಾರ್ಪಸ್’ ಎಂದು ಬರೆದರೆ ಸಾಲದು, ನಿರ್ದೇಶನ ದಾನಿಯದಾಗಿರಬೇಕು. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸೆಕ್ಷನ್, ಫಾರಂಗಳ ಸಂಖ್ಯೆ ಬದಲಾಗುತ್ತದೆ. ಇಲ್ಲಿ ಎಲ್ಲರಿಗೂ ಪರಿಚಿತವಾದ ಹಳೆಯ ಸಂಖ್ಯೆಗಳನ್ನೇ ಕೊಟ್ಟಿದ್ದೇವೆ.

ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯಬಾರದು. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಸದಸ್ಯರಿಂದ ಕೈಸಾಲ ಪಡೆಯುವುದಾದರೆ 20,000 ರೂಪಾಯಿಯಿಂದ ಮೇಲಿನದು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಬರಲಿ. ಕಾಣಿಕೆ ಡಬ್ಬಿಯ ಹೆಸರಿಲ್ಲದ ಹಣದ ಬಗ್ಗೆ ಆತಂಕ ಬೇಡ: ಸಂಪೂರ್ಣ ಧಾರ್ಮಿಕ ಟ್ರಸ್ಟಿಗೆ ಅನಾಮಧೇಯ ದಾನದ ಶೇ 30 ತೆರಿಗೆ ಅನ್ವಯಿಸುವುದಿಲ್ಲ. ಆದರೂ ಇಬ್ಬರು ಎಣಿಸಿ, ಸಹಿ ಮಾಡಿ, ಮರುದಿನವೇ ಬ್ಯಾಂಕಿಗೆ ಕಟ್ಟುವ ಶಿಸ್ತು ಇರಲಿ.

ಪ್ರಶ್ನೆ: ನಮ್ಮ ಹುಡುಗರು ದುಬೈ, ಕುವೈತ್‌ನಲ್ಲಿದ್ದಾರೆ. ಕೆನಡಾದ ಪೌರತ್ವ ಪಡೆದ ಕುಟುಂಬವೊಂದೂ ಸಹಾಯ ಮಾಡಲು ಸಿದ್ಧವಿದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ) ನೋಂದಣಿ ಬೇಕೇ?
— ಕುಂದಾಪುರ

ನೋಡಬೇಕಾದದ್ದು ಪಾಸ್‌ಪೋರ್ಟ್. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಗಳಿಕೆಯಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಲ್ಲ, ಅದು ನಿಮ್ಮ ಸಾಮಾನ್ಯ ಖಾತೆಗೆ ಬರಬಹುದು. ಪಾಸ್‌ಪೋರ್ಟಿನ ಪ್ರತಿ ಮತ್ತು ಚಿಕ್ಕ ಪತ್ರವೊಂದನ್ನು ಕಡತದಲ್ಲಿಡಿ. ಕೆನಡಾ ಪ್ರಜೆಯಾದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ವಿದೇಶಿ ಮೂಲವೇ. ಅವರ ಹಣ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ಬರಬೇಕಾದದ್ದು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ ಮಾತ್ರ. ದುಬೈಯಲ್ಲಿರುವ ಗೆಳೆಯನ ಖಾತೆಯ ಮೂಲಕ ಆ ಹಣ ತರಿಸುವುದು ಅಪರಾಧ. ನೋಂದಣಿ ಇರುವ ಬೇರೆ ಸಂಸ್ಥೆಯಿಂದ ವರ್ಗಾಯಿಸಿಕೊಳ್ಳುವ ದಾರಿಯೂ 2020ರ ತಿದ್ದುಪಡಿಯ ನಂತರ ಮುಚ್ಚಿದೆ. ಕ್ಯುಆರ್ ಕೋಡ್, ಆನ್‌ಲೈನ್ ಕೊಂಡಿಗಳನ್ನು ವಿದೇಶದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವಾಗ ಈ ಎಚ್ಚರ ಇರಲಿ.

ಪ್ರಶ್ನೆ: ಹಂಚು ತೆಗೆದು ಶೀಟ್ ಹಾಕಿದರೆ ಅಗ್ಗ ಎನ್ನುತ್ತಾರೆ. ಹಂಚನ್ನೇ ಉಳಿಸಿಕೊಂಡರೆ ಎಷ್ಟು ಬೇಕಾಗುತ್ತದೆ?
— ಕಾರ್ಕಳ

ಹಂಚನ್ನೇ ಉಳಿಸಿಕೊಳ್ಳಿ. ತಗಡಿನಡಿ ಜೂನ್‌ನ ಮಳೆಯಲ್ಲಿ ಪ್ರಸಂಗ ಕೇಳಿಸುವುದಿಲ್ಲ, ಏಪ್ರಿಲ್‌ನ ಸೆಕೆಯಲ್ಲಿ ಕೂರಲಾಗುವುದಿಲ್ಲ. 19ನೇ ಶತಮಾನದಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಈ ಹವೆಗೆಂದೇ ಪಳಗಿದ್ದು.

80×40 ಅಡಿಯ ಕಟ್ಟಡಕ್ಕೆ ಸುತ್ತ ಎರಡೂವರೆ ಅಡಿ ಸೂರು ಸೇರಿಸಿದರೆ 85×45, ಅಂದರೆ 3,825 ಚದರ ಅಡಿ. 30 ಡಿಗ್ರಿ ಇಳಿಜಾರಿಗೆ ಅದು ಸುಮಾರು 4,420 ಚದರ ಅಡಿಯಾಗುತ್ತದೆ. ಚದರ ಅಡಿಗೆ 1.4 ಹಂಚಿನಂತೆ ಸುಮಾರು 6,200 ಬೇಕು, ಒಡೆಯುವುದನ್ನೂ ಸೇರಿಸಿ 6,500 ಇಟ್ಟುಕೊಳ್ಳಿ. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಹಂಚಿನ ಭಾರವೇ 15 ಟನ್ ದಾಟುತ್ತದೆ, ನೆನೆದಾಗ ಇನ್ನೂ ಹೆಚ್ಚು. ಹಳೆಯ ಮರ ಇದನ್ನು ಹೊರುತ್ತದೆಯೇ ಎಂದು ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.

ಇಳಿಸಿದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿಯಿರಿ. ಟಣ್ ಎಂದರೆ ಗಟ್ಟಿ, ಮಂದವಾಗಿ ಸದ್ದು ಬಂದರೆ ಕೂದಲೆಳೆ ಬಿರುಕಿದೆ. ಪಾಚಿಯನ್ನು ನಾರಿನ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕೊರತೆ ಬಿದ್ದಷ್ಟನ್ನು ಅದೇ ಕಾರ್ಖಾನೆಯ ಮುದ್ರೆಯ ಹಳೆಯ ಹಂಚಿನಿಂದ ತುಂಬುವುದು ಉತ್ತಮ. ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲ, ಗಾಳಿಮಳೆಗೆ ನೀರು ಒಳಗೆ ಹೊಡೆಯುತ್ತದೆ. ಸಿಗದಿದ್ದರೆ ಹೊಸದನ್ನೆಲ್ಲ ಒಂದೇ ಪಾರ್ಶ್ವಕ್ಕೆ ಹಾಕಿ. ರೀಪಿನ (ಹಂಚು ಕೂರುವ ಪಟ್ಟಿ ಮರದ) ಅಂತರ ಸುಮಾರು ಹನ್ನೆರಡೂವರೆ ಅಂಗುಲ. ಆದರೆ ಆಚಾರಿಯ ಬಾಯಿಲೆಕ್ಕ ನಂಬದೆ ನಿಮ್ಮದೇ ಹತ್ತು ಹಂಚುಗಳನ್ನು ನೆಲದ ಮೇಲೆ ಜೋಡಿಸಿ ಅಳೆಯಿರಿ. ಅರ್ಧ ಅಂಗುಲದ ತಪ್ಪು ಇಪ್ಪತ್ತು ಸಾಲಿನಲ್ಲಿ ಹತ್ತು ಅಂಗುಲವಾಗುತ್ತದೆ.

ಮರದ ಬದಲು ಕಬ್ಬಿಣದ ಪೈಪ್ ಬಳಸುವುದಾದರೆ ಜಿ.ಐ. (ಸತು ಲೇಪಿತ) ಪೈಪನ್ನೇ ತನ್ನಿ. ವೆಲ್ಡ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ಅಲ್ಲಿ ಜಿಂಕ್ ಪೇಂಟ್ ಎರಡು ಕೋಟ್ ಬೇಕು. ಉಪ್ಪುಗಾಳಿಯಲ್ಲಿ ತುಕ್ಕು ಶುರುವಾಗುವುದೇ ಆ ಜಾಗದಿಂದ. ಸಿಡಿಲಿನ ಊರುಗಳಲ್ಲಿ ಮಿಂಚುವಾಹಕವನ್ನು ಮಾಡಿನ ಕೆಲಸದ ಜೊತೆಗೇ ಮುಗಿಸಿ.

ಪ್ರಶ್ನೆ: ಮುರಕಲ್ಲಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದರೂ ಬುಡದಲ್ಲಿ ಉದುರುತ್ತಿದೆ. ಏನು ಮಾಡಲಿ?
— ಮೂಡುಬಿದಿರೆ

ಮುರಕಲ್ಲು ನೆಲದಿಂದ ನೀರು ಹೀರುತ್ತದೆ. ಸಿಮೆಂಟ್ ಅದನ್ನು ಹೊರಬಿಡದೆ ಒಳಗೇ ಹಿಡಿದಿಡುತ್ತದೆ, ತೇವ ಮೇಲೇರಿ ಉಪ್ಪು ಗಾರೆಯನ್ನು ತಳ್ಳುತ್ತದೆ. ಮತ್ತೆ ಸಿಮೆಂಟ್ ಮೆತ್ತಿದರೆ ಒಂದಡಿಯ ತೇವ ಮೂರಡಿಗೆ ಏರುತ್ತದೆ. ಮೊದಲು ಹೊರಗಿನ ಮಣ್ಣನ್ನು ಒಳನೆಲಕ್ಕಿಂತ ಕನಿಷ್ಠ 6 ಅಂಗುಲ ತಗ್ಗಿಸಿ, ಸೂರಿನ ನೀರು ಬೀಳುವಲ್ಲಿ ತೋಡು ಮಾಡಿ. ಸಿಮೆಂಟನ್ನು ಕೆತ್ತಿ ತೆಗೆದು ಒಂದು ಬೇಸಿಗೆ ಒಣಗಲು ಬಿಡಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯನ್ನು ಅರ್ಧರ್ಧ ಅಂಗುಲದ ಎರಡು ಪದರದಲ್ಲಿ ಹಾಕಿ, ವಾರವಿಡೀ ನೀರು ಚಿಮುಕಿಸಿ. ಮೇಲೆ ಸುಣ್ಣದ ಬಳಿಕೆಯೇ ಇರಲಿ, ಪ್ಲಾಸ್ಟಿಕ್ ಪೇಂಟ್ ಬೇಡ.

ಗೆದ್ದಲಿಗೆ ಗೋಡೆ ಮತ್ತು ನೆಲ ಸೇರುವಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ತೂತಿಗೆ 1 ಲೀಟರ್ ಮೀರದಂತೆ ಔಷಧ ತುಂಬಬೇಕು. ಇಮಿಡಾಕ್ಲೋಪ್ರಿಡ್ 30.5 ಆದರೆ ಲೀಟರ್ ನೀರಿಗೆ 2.1 ಮಿ.ಲೀ. ಬಾವಿ ಹತ್ತಿರವಿದ್ದರೆ ಪರವಾನಗಿ ಇರುವವರಿಂದಲೇ ಮಾಡಿಸಿ.

ಪ್ರಶ್ನೆ: ಖಾಲಿ ಹಾಲ್‌ನಲ್ಲಿ ಮಾತು ಗುಂಯ್ ಎನ್ನುತ್ತದೆ. ಒಳ್ಳೆಯ ಸ್ಪೀಕರ್ ಹಾಕಿದರೆ ಸರಿಹೋಗುವುದೇ?
— ಪುತ್ತೂರು

ಹೋಗುವುದಿಲ್ಲ, ಗದ್ದಲ ಹೆಚ್ಚುತ್ತದೆ. 80×40×20 ಅಡಿಯ, ಗಾರೆ ಗೋಡೆ, ನುಣುಪು ನೆಲ ಮತ್ತು ಗಟ್ಟಿ ಮುಚ್ಚಿಗೆಯ ಹಾಲ್‌ನಲ್ಲಿ 250 ಜನ ತುಂಬಿದಾಗ ಲೆಕ್ಕದ ಪ್ರಕಾರ ಪ್ರತಿಧ್ವನಿ (ಸದ್ದು ಅಡಗಲು ಹಿಡಿಯುವ ಸಮಯ) ಸುಮಾರು 2 ಸೆಕೆಂಡ್, ಅರ್ಧ ತುಂಬಿದಾಗ 3 ದಾಟುತ್ತದೆ. ಮಾತು ಸ್ಪಷ್ಟವಾಗಿ, ಹಾಡೂ ತುಂಬಿ ಕೇಳಲು ಒಂದೂವರೆ ಸೆಕೆಂಡಿನ ಆಸುಪಾಸು ಬೇಕು. ಹಿಂಬದಿ ಗೋಡೆ ಮತ್ತು ಪಕ್ಕದ ಗೋಡೆಗಳ ಮೇಲ್ಭಾಗದಲ್ಲಿ ಬಟ್ಟೆ ಹೊದಿಸಿದ 2 ಅಂಗುಲ ದಪ್ಪದ ಪಾಲಿಯೆಸ್ಟರ್ ನಾರಿನ ಹಲಗೆ 700ರಿಂದ 800 ಚದರ ಅಡಿಯಷ್ಟು ಹಾಕಿ. ವೇದಿಯ ಹಿಂದೆ ಬೇಡ, ಅಲ್ಲಿನ ಗಟ್ಟಿ ಗೋಡೆ ಮಾತನ್ನು ಮುಂದಕ್ಕೆ ತಳ್ಳುತ್ತದೆ.

ಪ್ರಶ್ನೆ: ನಿಧಿಗಾಗಿ ಲಕ್ಕಿ ಡಿಪ್ ಕೂಪನ್ ಮಾರಬಹುದೇ? ದಾನಿಗಳ ಹೆಸರಿನ ಫಲಕಕ್ಕೆ ಜಿಎಸ್‌ಟಿ ಇದೆಯೇ?
— ಯುವಜನ ಸಂಘ, ಬಂಟ್ವಾಳ

ಹಣಕ್ಕೆ ಕೂಪನ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವುದು ಅನುಮತಿಯಿಲ್ಲದ ಲಾಟರಿಯಾಗುತ್ತದೆ. ಕೈಬಿಡಿ. ಕೊಯ್ಲು ಹಬ್ಬದ ಏಲಂ, ಊಟ ತಿಂಡಿಯ ಮಾರಾಟದಲ್ಲಿ ಆ ತೊಡಕಿಲ್ಲ. ಫಲಕದಲ್ಲಿ ಕೃತಜ್ಞತೆಯಿಂದ ದಾನಿಯ ಹೆಸರು ಮಾತ್ರ ಇದ್ದರೆ ಜಿಎಸ್‌ಟಿ ಇಲ್ಲ. ಅಂಗಡಿಯ ವ್ಯವಹಾರದ ಪ್ರಚಾರ ಸೇರಿದರೆ ಅದು ದಾನವಾಗಿ ಉಳಿಯುವುದಿಲ್ಲ.

ಪ್ರಶ್ನೆ: ಕಂಟ್ರಾಕ್ಟರ್‌ಗೆ ಹಣ ಹೇಗೆ ಕೊಡಬೇಕು?
— ಸುಳ್ಯ

ಚದರ ಅಡಿಗೆ ಇಷ್ಟೆಂಬ ಗುತ್ತಿಗೆ ಹಳೆಯ ಕಟ್ಟಡಕ್ಕೆ ಹೊಂದುವುದಿಲ್ಲ. ಪ್ರತಿ ಕೆಲಸದ ಅಳತೆ ಮತ್ತು ದರವಿರುವ ಪಟ್ಟಿ ಮಾಡಿಸಿ, ಮುಗಿದ ಕೆಲಸವನ್ನು ಎಂಜಿನಿಯರ್ ಅಳೆದು ಪುಸ್ತಕದಲ್ಲಿ ಬರೆದ ಮೇಲೆ ಬಿಲ್ ಕೊಡಿ. ಮುಂಗಡ ಶೇ 10 ಮೀರದಿರಲಿ. ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ ಬರುತ್ತದೆ, ಅಂದಾಜಿನಲ್ಲೇ ಸೇರಿಸಿ. ಒಂದು ಬಿಲ್ 30,000 ಅಥವಾ ವರ್ಷದಲ್ಲಿ ಒಟ್ಟು 1 ಲಕ್ಷ ರೂಪಾಯಿ ಮೀರಿದರೆ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯಬೇಕು: ವ್ಯಕ್ತಿಯಾದರೆ ಶೇ 1, ಕಂಪನಿ ಅಥವಾ ಪಾಲುದಾರಿಕೆಯಾದರೆ ಶೇ 2. ಅದಕ್ಕೆ ಟ್ಯಾನ್ (ತೆರಿಗೆ ಕಡಿತ ಮಾಡುವವರ) ಸಂಖ್ಯೆ ಮೊದಲೇ ಮಾಡಿಸಿಡಿ. ಪ್ರತಿ ಬಿಲ್ಲಿನಿಂದ ಶೇ 5 ತಡೆಹಿಡಿದು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ, ಅಂದರೆ ಅಕ್ಟೋಬರ್‌ನಲ್ಲಿ, ಸೋರಿಕೆ ಇಲ್ಲವೆಂದು ಎಂಜಿನಿಯರ್ ಬರೆದುಕೊಟ್ಟರೆ ಬಿಡುಗಡೆ ಮಾಡಿ. ‘ಆರು ತಿಂಗಳ ಹೊಣೆ’ ಎಂಬ ಷರತ್ತಿಗೆ ಒಪ್ಪಬೇಡಿ: ನವೆಂಬರ್‌ನಲ್ಲಿ ಮುಗಿದ ಮಾಡಿನ ಆರು ತಿಂಗಳು ಮೊದಲ ಮಳೆಗೆ ಮುಂಚೆಯೇ ತೀರಿಹೋಗುತ್ತದೆ.