ನಾಲ್ಕು ತಿಂಗಳು ಹೂಡಿಕೆದಾರರಿಗೆ ಬರೆದಿಲ್ಲ, ಈಗೇನು ಮಾಡಲಿ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಸ್ಟಾರ್ಟಪ್‌ಗೆ ಆರು ಜನ ಹಣ ಹಾಕಿದ್ದಾರೆ. ಮೊದಲ ಐದು ತಿಂಗಳು ತಪ್ಪದೆ ಅಪ್‌ಡೇಟ್ ಕಳಿಸಿದೆ. ಆಮೇಲೆ ಮಾರಾಟ ಬಿತ್ತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ಹಾಗೇ ನಾಲ್ಕು ತಿಂಗಳು ಕಳೆಯಿತು. ಯಾರೂ ಕೇಳಿಲ್ಲ. ಈಗ ಹೇಗೆ ಶುರು ಮಾಡಲಿ?

ಉತ್ತರ: ಯಾರೂ ಕೇಳಿಲ್ಲ ಅಂದರೆ ಯಾರೂ ಗಮನಿಸಿಲ್ಲ ಅಂತಲ್ಲ. ಈಗ ನಾನೂ ಕೆಲವು ಕಂಪನಿಗಳಿಗೆ ಸಣ್ಣ ಮೊತ್ತ ಹಾಕಿದ್ದೇನೆ. ಎರಡು ತಿಂಗಳು ಸುದ್ದಿ ಬರದಿದ್ದರೆ ಕೇಳಲು ಹೋಗುವುದಿಲ್ಲ. ಏನೋ ಎಡವಟ್ಟಾಗಿದೆ ಅಂತ ಸುಮ್ನೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ. ಆ ಲೆಕ್ಕ ಸಾಮಾನ್ಯವಾಗಿ ನಿಜಕ್ಕಿಂತ ಕೆಟ್ಟದಾಗಿರುತ್ತದೆ.

ನಿಮ್ಮ ತಪ್ಪನ್ನು ನಾನೂ ಮಾಡಿದವನೇ. ಕಂಪನಿ ನಡೆಸುತ್ತಿದ್ದಾಗ ನಮ್ಮ ಆದಾಯದ ಮೂರನೇ ಒಂದು ಭಾಗ ಒಬ್ಬನೇ ಗ್ರಾಹಕನಿಂದ ಬರುತ್ತಿತ್ತು. ಅವರು ಬಿಟ್ಟುಹೋಗುವ ಸೂಚನೆ ಸಿಕ್ಕಿತು. ನಾನು ಆ ತಿಂಗಳ ಪತ್ರದಲ್ಲಿ ಹೊಸ ಆ್ಯಪ್‌ನ ಚಂದದ ಚಿತ್ರ ಹಾಕಿದೆ. ಮುಂದಿನ ತಿಂಗಳು ಎರಡು ಸಣ್ಣ ಗ್ರಾಹಕರ ಬಗ್ಗೆ ಬರೆದೆ. ಮೂರನೇ ತಿಂಗಳು ಬರೆಯಲೇ ಇಲ್ಲ. ಅವರು ಹೋದ ಮೇಲೆ ವಿಷಯ ತಿಳಿಸಿದಾಗ ಒಬ್ಬ ಹೂಡಿಕೆದಾರರು ಫೋನ್ ಮಾಡಿದರು. ಬೈಯಲಿಲ್ಲ. "ಅಲ್ಲಿ ಖರೀದಿ ನೋಡಿಕೊಳ್ಳುವವರು ನನ್ನ ಹಳೇ ಸಹೋದ್ಯೋಗಿ. ಎರಡು ತಿಂಗಳ ಮುಂಚೆ ಹೇಳಿದ್ದರೆ ಒಂದು ಮಾತು ಕೇಳಬಹುದಿತ್ತಲ್ವಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಇವತ್ತೇ ಬರೆಯಿರಿ. ನಾಲ್ಕು ತಿಂಗಳ ಪುರಾಣ ಬೇಡ. "ನಾಲ್ಕು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಮಾರಾಟ ಬಿದ್ದಿತ್ತು, ಹೇಳಲು ಮುಜುಗರವಾಯಿತು. ಬ್ಯಾಂಕಿನಲ್ಲಿ ಏಳೂವರೆ ತಿಂಗಳಿಗಾಗುವಷ್ಟು ಹಣವಿದೆ." ಇಷ್ಟು ಹೇಳಿ ಮುಂದಕ್ಕೆ ಹೋಗಿ. ಮಾರಾಟ ಯಾಕೆ ಬಿತ್ತು ಅಂತ ನಿಮಗೆ ಗೊತ್ತಿರುವಷ್ಟು ಬರೆಯಿರಿ. ಗೊತ್ತಿಲ್ಲದಿದ್ದರೆ, ತಿಳಿದುಕೊಳ್ಳಲು ಈ ವಾರ ಏನು ಮಾಡುತ್ತಿದ್ದೀರಿ ಅಂತ ಹೇಳಿ. ಬಿಟ್ಟುಹೋದ ಹತ್ತು ಗ್ರಾಹಕರಿಗೆ ಫೋನ್ ಮಾಡಿದ್ದೀರಾ? ಅವರು ಹೇಳಿದ್ದನ್ನೇ ಬರೆಯಿರಿ. ನನಗಂತೂ ಅದನ್ನು ಓದುವ ಆಸೆಯೇ ಜಾಸ್ತಿ.

ಕೊನೆಗೆ ಸಹಾಯ ಕೇಳಿ. "ನಿಮ್ಮ ಬೆಂಬಲವಿರಲಿ" ಅಂದರೆ ಯಾರೂ ಏನೂ ಮಾಡಲಾರರು. "ಐವತ್ತರಿಂದ ಇನ್ನೂರು ಹಾಸಿಗೆಯ ಆಸ್ಪತ್ರೆಗಳಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವರ ಪರಿಚಯವಿದೆಯೇ?" ಅಂತ ಕೇಳಿದರೆ ಒಂದಿಬ್ಬರ ಹೆಸರು ತಟ್ಟನೆ ನೆನಪಾಗುತ್ತದೆ. ಅವರು ಹಾಗೇ ಫಾರ್ವರ್ಡ್ ಮಾಡುವಂತೆ ನಿಮ್ಮ ಕಂಪನಿಯ ಬಗ್ಗೆ ನಾಲ್ಕು ಸಾಲನ್ನೂ ಬರೆದಿಟ್ಟುಬಿಡಿ. ಹೂಡಿಕೆದಾರರು ಸೋಮಾರಿಗಳು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆ: ಹಣ ಮೂರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ, ಅಥವಾ ಸಹಸ್ಥಾಪಕರು ಬಿಟ್ಟುಹೋಗುತ್ತಿದ್ದರೆ, ಮೊದಲು ಫೋನ್ ಮಾಡಿ. ಪತ್ರ ಆಮೇಲೆ. ಅಂಥ ಸುದ್ದಿಯನ್ನು ಬೆಳಗಿನ ಇಮೇಲ್‌ಗಳ ರಾಶಿಯಲ್ಲಿ ಯಾರೂ ಓದಬಾರದು.

ಪ್ರಶ್ನೆ: ಪ್ರತಿ ತಿಂಗಳು ಯಾವ ಅಂಕಿಗಳನ್ನು ಕೊಡಬೇಕು? ನಾನು ಹದಿನೆಂಟು ಕೊಡುತ್ತಿದ್ದೇನೆ.

ಉತ್ತರ: ಹದಿನೆಂಟೇ! ಐದು ಸಾಕು. ಆದರೆ ಪ್ರತಿ ತಿಂಗಳು ಅದೇ ಐದು ಇರಲಿ, ಹಿಂದಿನ ಎರಡು ತಿಂಗಳ ಅಂಕಿಗಳೂ ಪಕ್ಕದಲ್ಲಿರಲಿ. ಚೆನ್ನಾಗಿ ಕಾಣುವ ಅಂಕಿಯನ್ನು ತಿಂಗಳಿಗೊಂದರಂತೆ ಹುಡುಕಿ ಹಾಕುವವರನ್ನು ನಾವು ಬೇಗ ಗುರುತಿಸುತ್ತೇವೆ.

ಮೊದಲನೆಯದು ರನ್‌ವೇ, ಅಂದರೆ ಕೈಯಲ್ಲಿರುವ ಹಣ ಇನ್ನೆಷ್ಟು ತಿಂಗಳು ಬರುತ್ತದೆ ಅನ್ನುವುದು. ಕೈಯಲ್ಲಿ 60 ಲಕ್ಷವಿದೆ, ತಿಂಗಳ ಖರ್ಚು 12 ಲಕ್ಷ, ಬರುವುದು 4 ಲಕ್ಷ ಅಂದುಕೊಳ್ಳಿ. ಕರಗುವುದು ತಿಂಗಳಿಗೆ 8 ಲಕ್ಷ. ರನ್‌ವೇ ಏಳೂವರೆ ತಿಂಗಳು. ಬರುವುದು ಅಂದರೆ ಬ್ಯಾಂಕಿಗೆ ಬಂದದ್ದು. ಬಿಲ್ ಕಳಿಸಿ ಕಾಯುತ್ತಿರುವುದು ಇದಕ್ಕೆ ಸೇರುವುದಿಲ್ಲ. ಎರಡನೆಯದು ಎಂಆರ್‌ಆರ್, ಅಂದರೆ ಗ್ರಾಹಕರಿಂದ ತಿಂಗಳು ತಿಂಗಳು ಮರಳಿ ಬರುವ ಆದಾಯ. ಇಲ್ಲಿ ಬಹಳ ಜನ ಎಡವುತ್ತಾರೆ. ಗ್ರಾಹಕರೊಬ್ಬರು ವರ್ಷದ 12 ಲಕ್ಷವನ್ನು ಒಟ್ಟಿಗೆ ಕೊಟ್ಟರೆ ಆ ತಿಂಗಳ ಎಂಆರ್‌ಆರ್ 12 ಲಕ್ಷ ಹೆಚ್ಚುವುದಿಲ್ಲ, ಒಂದೇ ಲಕ್ಷ ಹೆಚ್ಚುತ್ತದೆ. ಉಳಿದ ಮೂರರಲ್ಲಿ ಬಿಟ್ಟುಹೋದ ಗ್ರಾಹಕರ ಸಂಖ್ಯೆ ಒಂದಿರಲಿ. ಮಿಕ್ಕಿದ್ದು ನಿಮ್ಮ ವ್ಯಾಪಾರಕ್ಕೆ ತಕ್ಕಂತೆ. 'ಇದುವರೆಗೆ ನೋಂದಾಯಿಸಿಕೊಂಡವರು' ಅನ್ನುವ ಗ್ರಾಫ್ ಮಾತ್ರ ಬೇಡ. ಅದು ಕೆಳಗಿಳಿಯುವುದೇ ಇಲ್ಲ. ಕಂಪನಿ ಮುಳುಗುತ್ತಿದ್ದರೂ ಏರುತ್ತಲೇ ಇರುತ್ತದೆ.

ಭಾಷೆಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಅಮೆರಿಕದ ಹೆಸರಾಂತ ಹೂಡಿಕೆದಾರ, ಬರ್ಕ್‌ಷೈರ್ ಹಾಥವೇ ಕಂಪನಿಯ ವಾರನ್ ಬಫೆಟ್ ಷೇರುದಾರರಿಗೆ ವಾರ್ಷಿಕ ಪತ್ರ ಬರೆಯುವಾಗ ತಮ್ಮ ಅಕ್ಕ ಡೋರಿಸ್, ತಂಗಿ ಬರ್ಟಿ ಜೊತೆ ಮಾತಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರಂತೆ. ಅವರಿಬ್ಬರೂ ಬುದ್ಧಿವಂತರು, ಆದರೆ ಲೆಕ್ಕಪತ್ರದ ಪರಿಣತರಲ್ಲ. ನಿಮ್ಮ ಹೂಡಿಕೆದಾರರಲ್ಲೂ ಅಂಥವರಿರುತ್ತಾರೆ.

ಪ್ರಶ್ನೆ: ನಮ್ಮ ಹೂಡಿಕೆದಾರರೊಬ್ಬರು ಪ್ರತಿಸ್ಪರ್ಧಿ ಕಂಪನಿಗೂ ಹಣ ಹಾಕಿದ್ದಾರೆ. ಅವರಿಗೂ ಕಳಿಸಬೇಕೇ?

ಉತ್ತರ: ಮೊದಲು ಒಪ್ಪಂದ ತೆಗೆದು ನೋಡಿ. ಮಾಹಿತಿ ಪಡೆಯುವ ಹಕ್ಕು ಅದರಲ್ಲಿದ್ದರೆ ಅಷ್ಟನ್ನು ಕೊಡಲೇಬೇಕು. ಬಿಡುಗಡೆಯಾಗದ ಉತ್ಪನ್ನ, ಮುಂದಿನ ಬೆಲೆ, ಮಾತುಕತೆಯಲ್ಲಿರುವ ಗ್ರಾಹಕರ ಹೆಸರನ್ನು ಸಾಮಾನ್ಯ ಪತ್ರದಲ್ಲಿ ಯಾರಿಗೂ ಬರೆಯಬೇಡಿ. ಇಮೇಲ್ ಎಲ್ಲೆಲ್ಲಿಗೆ ಫಾರ್ವರ್ಡ್ ಆಗುತ್ತದೋ ಹೇಳಲಾಗದು. ನಾನು ಬರೆದ ಒಂದು ಪತ್ರವನ್ನು ಕೆಲಸದ ಸಂದರ್ಶನಕ್ಕೆ ಬಂದ ಹುಡುಗನೇ ನನಗೆ ತೋರಿಸಿದ್ದ.