ಬಡಿತಕ್ಕೆ ಹೆದರಿದರು, ಮಾತ್ರೆ ಬಿಟ್ಟರು

(ಗುರುತು ಸಿಗಬಾರದೆಂದು ಊರು, ಮನೆಯ ವಿವರ ಬದಲಿಸಿದ್ದೇನೆ.)

ಇವರನ್ನು ಮೇಷ್ಟ್ರು ಅಂತಲೇ ಕರೆಯೋಣ. ವಯಸ್ಸು 67. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಿಪಿ ಇದೆ, ಶುಗರ್ ಇಲ್ಲ. ಆಗಾಗ ಎದೆ ಡವಗುಟ್ಟುತ್ತದೆ, ಬಡಿತ ತಾಳ ತಪ್ಪುತ್ತದೆ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ (ಚಿಕ್ಕದಾಗಿ ಎಎಫ್) ಅಂತ ಗೊತ್ತಾಗಿದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿ, ಕವಾಟಗಳು ಚೆನ್ನಾಗಿವೆ ಎಂದಿದ್ದಾರೆ. ನನ್ನ ಬಳಿ ಕಳಿಸಿದ್ದು ಹೃದಯದ ಡಾಕ್ಟರೇ. ಚೀಟಿಯಲ್ಲಿ ಇದ್ದದ್ದು ಇಷ್ಟು: ಔಷಧಿ ಸರಿಯಾಗಿದೆ, ಭಯ ಜಾಸ್ತಿ, ಪದೇ ಪದೇ ಎಮರ್ಜೆನ್ಸಿಗೆ ಬರುತ್ತಿದ್ದಾರೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಮಾತು ಶುರು ಮಾಡಿದ್ದು ಅಮ್ಮನವರು. "ರಾತ್ರಿ ಎರಡು ಗಂಟೆಗೆ ಎದ್ದು ಕೂತ್ಕೋತಾರೆ. ಬೆರಳಿಗೆ ಆ ನಾಡಿ ನೋಡೋ ಕ್ಲಿಪ್ ಹಾಕ್ತೀನಿ. 96 ಅನ್ನುತ್ತೆ, ನೋಡ್ತಾ ನೋಡ್ತಾ 141, ಆಮೇಲೆ 118. ಕೆನಡಾದಲ್ಲಿರೋ ಮಗ ವಿಡಿಯೋ ಕಾಲ್‌ನಲ್ಲಿ 'ಈಗೆಷ್ಟಮ್ಮಾ, ಈಗೆಷ್ಟು' ಅಂತ ಕೇಳ್ತಾನೇ ಇರ್ತಾನೆ. ಇವರಿಗೆ ಮೈಯೆಲ್ಲ ಬೆವರು."

ಮೇಷ್ಟ್ರು ಸುಮ್ನೆ ಕೂತಿದ್ದರು. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು. ನಾವು ಮಾತಾಡಿದಷ್ಟು ಹೊತ್ತೂ ಅವು ಅಲ್ಲಿಂದ ಕದಲಲಿಲ್ಲ. ಬೆಳಗಿನ ವಾಕಿಂಗ್ ನಿಂತು ತಿಂಗಳುಗಳಾಗಿದ್ದವು. ಮದುವೆ, ಮುಂಜಿಗೆ ಹೋಗುವುದಿಲ್ಲ. "ಅಲ್ಲೇ ಶುರುವಾದ್ರೆ?" ಅನ್ನುವುದು ಅವರ ಪ್ರಶ್ನೆ. ಇಂಥ ಮನೆಗಳಲ್ಲಿ ನಾನು ಕಂಡದ್ದೇನೆಂದರೆ, ಸ್ವಲ್ಪ ದಿನದಲ್ಲೇ ರೋಗಿಗಿಂತ ಆ ಕ್ಲಿಪ್‌ಗೇ ಆರೈಕೆ ಜಾಸ್ತಿಯಾಗುತ್ತದೆ.

ಮೊದಲು ಬಡಿತದ ವಿಷಯ ಬಿಡಿಸಿ ಹೇಳಿದೆ. ಎಎಫ್‌ನಲ್ಲಿ ಹೃದಯದ ಮೇಲಿನ ಎರಡು ಕೋಣೆಗಳು ಮೇಷ್ಟ್ರಿಲ್ಲದ ಕ್ಲಾಸ್ ಇದ್ದ ಹಾಗೆ. ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅಲ್ಲಿ ಗದ್ದಲ. ಅದೆಲ್ಲ ಕೆಳಗಿನ ಕೋಣೆಗಳಿಗೆ ಇಳಿಯುವುದಿಲ್ಲ. ನಡುವೆ ಎವಿ ನೋಡ್ ಎಂಬ ಜಾಗ ಇದೆ, ಅದು ಒಂದಷ್ಟನ್ನು ಮಾತ್ರ ಕೆಳಗೆ ಬಿಡುತ್ತದೆ. ಅದಕ್ಕೇ ನಾಡಿ 110, 140 ಅಂತ ಓಡುತ್ತದೆ, ಅದೂ ಹೇಗೆಂದರೆ ಹಾಗೆ. ನಾವು ಹೆದರಿದಾಗ ಏರುವ ಅಡ್ರಿನಲಿನ್ ಇದೇ ನೋಡ್ ಇನ್ನೂ ಹೆಚ್ಚು ಬಿಡುವಂತೆ ಮಾಡುತ್ತದೆ. ಮೆಟೊಪ್ರೊಲಾಲ್‌ನಂಥ ಮಾತ್ರೆ ಮಾಡುವುದು ಇದರ ಉಲ್ಟಾ ಕೆಲಸ. ಅಂದರೆ ಮಾತ್ರೆ ಒಂದು ಕಡೆ ಬ್ರೇಕ್ ಹಾಕುತ್ತಿದೆ, ಕ್ಲಿಪ್ ನೋಡಿ ನೋಡಿ ಬೆವರುವುದು ಇನ್ನೊಂದು ಕಡೆ ಎಕ್ಸಲರೇಟರ್ ಒತ್ತುತ್ತಿದೆ.

"ಹಾಗಾದ್ರೆ ಆ ನಂಬರ್ ಸುಳ್ಳಾ?" ಮೇಷ್ಟ್ರು ಬಾಯಿಬಿಟ್ಟ ಮೊದಲ ಮಾತು. ಸುಳ್ಳಲ್ಲ ಮೇಷ್ಟ್ರೇ, ಆದರೆ ತಾಳ ತಪ್ಪಿದಾಗ ಆ ಯಂತ್ರಗಳು ತಡವರಿಸುತ್ತವೆ. ದುರ್ಬಲವಾದ ಕೆಲವು ಬಡಿತ ಬೆರಳಿನ ತುದಿಗೆ ಮುಟ್ಟುವುದೇ ಇಲ್ಲ. ಡಿಜಿಟಲ್ ಬಿಪಿ ಮೆಷಿನ್ ಕತೆಯೂ ಅಷ್ಟೇ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೂ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಒಂದು ಕಾಲು ನಿಮಿಷ ಇನ್ನೊಂದರ ಹಾಗಿರುವುದಿಲ್ಲ. ಐದು ನಿಮಿಷ ಕೂತು, ಗಡಿಯಾರ ನೋಡಿಕೊಂಡು ಪೂರ್ತಿ 60 ಸೆಕೆಂಡ್ ಎಣಿಸಿ ಬರೆದಿಡಿ. ಮತ್ತೆ ಅರ್ಧ ಗಂಟೆ ಮುಟ್ಟಬೇಡಿ. ಗಣಿತದ ಮೇಷ್ಟ್ರಿಗೆ ಇದು ತಕ್ಷಣ ಒಪ್ಪಿಗೆಯಾಯಿತು.

ಅಮ್ಮನವರು ಬಿಲ್ ಕಟ್ಟಲು ಹೊರಗೆ ಹೋದಾಗ ಮಾತ್ರೆಗಳ ಬಗ್ಗೆ ಕೇಳಿದೆ. ಬಿಪಿ ಮಾತ್ರೆ, ಮೆಟೊಪ್ರೊಲಾಲ್ ತಪ್ಪದೆ ತೆಗೆದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬ್ಯಾನ್? ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡಿತ ಬಂದ ದಿನ ತಗೋತೀನಿ" ಎಂದರು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದಿತ್ತಂತೆ. ಮೊಣಕೈ ಹತ್ತಿರ ನೀಲಿ ಕಲೆ ಕಂಡಿತಂತೆ. ಬಡಿತ ಇಲ್ಲದ ದಿನ ಯಾಕೆ ಸುಮ್ನೆ ರಕ್ತ ತೆಳು ಮಾಡಿಕೊಳ್ಳಬೇಕು ಎಂದು ಅವರೇ ತೀರ್ಮಾನಿಸಿದ್ದರು. ಡಾಕ್ಟರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ.

ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇದೇ. ಇಡೀ ಮನೆ ಹೆದರುತ್ತಿದ್ದದ್ದು ಬಡಿತಕ್ಕೆ. ದೊಡ್ಡ ಅಪಾಯ ಇದ್ದದ್ದು ಬೇರೆ ಕಡೆ. ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ನಡುಗುವಾಗ ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಎಎಫ್ ಇರುವವರಿಗೆ ಈ ಅಪಾಯ ಸುಮಾರು ಐದು ಪಟ್ಟು ಎನ್ನುತ್ತಾರೆ. ಎಎಫ್ ಎಷ್ಟೋ ಸಲ ಗೊತ್ತೇ ಆಗದಂತೆ ಬಂದು ಹೋಗುತ್ತದೆ, ಹಾಗಾಗಿ ಬಡಿತ ತಿಳಿದ ದಿನ ಮಾತ್ರ ನುಂಗಿದರೆ ರಕ್ಷಣೆ ಉಳಿಯುವುದಿಲ್ಲ. ಅಪಿಕ್ಸಬ್ಯಾನ್‌ನ ಕೆಲಸ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. ಅದಕ್ಕೇ ದಿನಕ್ಕೆ ಎರಡು ಹೊತ್ತು.

ಅವರಿಗೆ ಅಂಕದ ಭಾಷೆಯಲ್ಲೇ ಹೇಳಿದೆ. ಡಾಕ್ಟರುಗಳು ಇದಕ್ಕೆ ಒಂದು ಅಂಕಪಟ್ಟಿ ಇಟ್ಟುಕೊಂಡಿದ್ದಾರೆ: 65 ದಾಟಿದ್ದಕ್ಕೆ ಒಂದು, ಬಿಪಿಗೆ ಒಂದು, ಒಟ್ಟು ಎರಡು. ಗಂಡಸರಿಗೆ ಎರಡು ಬಂದರೆ ಸಾಮಾನ್ಯವಾಗಿ ಮಾತ್ರೆ ಬೇಕೇ ಬೇಕು ಎನ್ನುತ್ತಾರೆ. "ಜೀವನದಲ್ಲಿ ಮೊದಲ ಸಲ ಅಂಕ ಕಡಿಮೆ ಬಂದಿದ್ರೆ ಚೆನ್ನಾಗಿತ್ತು" ಅಂತ ನಕ್ಕರು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಅವರು ಬೈಯಲಿಲ್ಲ. ಡೋಸ್ ಸರಿಯಿದೆಯಾ ನೋಡಲು ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆ ಬರೆದರು, ಒಸಡಿಗೆ ದಂತವೈದ್ಯರನ್ನು ಕಾಣಲು ಹೇಳಿದರು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ತಂದು ನುಂಗುತ್ತಿದ್ದ ನೋವಿನ ಗುಳಿಗೆ ನಿಲ್ಲಿಸಿದರು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಸೇರಿದರೆ ರಕ್ತಸ್ರಾವ ಜಾಸ್ತಿ.

ಇನ್ನು ರಾತ್ರಿ ಎರಡು ಗಂಟೆಯ ವಿಷಯ. ಡಾಕ್ಟರ್ ಜೊತೆ ಮಾತಾಡಿ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆವು. ಶುರುವಾದರೆ ಎದ್ದು ಓಡಾಡುವುದು ಬೇಡ. ಲೈಟ್ ಹಾಕಿ, ಪಾದ ನೆಲಕ್ಕೆ ಊರಿ ಕುರ್ಚಿಯಲ್ಲಿ ಕೂರಬೇಕು, ನೀರು ಕುಡಿಯಬೇಕು. ಉಸಿರು ಮೆಲ್ಲಗೆ ಎಳೆದು ಅದಕ್ಕಿಂತ ನಿಧಾನವಾಗಿ ಬಿಡಬೇಕು, ನಿಮಿಷಕ್ಕೆ ಆರೇಳು ಉಸಿರು ಸಾಕು. ಇದರಿಂದ ಎಎಫ್ ನಿಲ್ಲುತ್ತದೆ ಅಂತ ಹೇಳಲಿಲ್ಲ. ಭಯ ಸೇರಿಸಿದ ಓಟ ಇಳಿದರೆ ಸಾಕು. ಭಾವಮೈದ ಹೇಳಿಕೊಟ್ಟಿದ್ದ ಉಪಾಯ, ಮುಖಕ್ಕೆ ಐಸ್ ನೀರು ಎರಚಿಕೊಂಡು ಉಸಿರು ಕಟ್ಟಿ ತಿಣುಕುವುದು, ಬಿಡಿ ಎಂದೆ. ಅಂಥದ್ದು ಇನ್ನೊಂದು ಬಗೆಯ ವೇಗದ ಬಡಿತಕ್ಕೆ ಕೆಲಸ ಮಾಡುತ್ತದೆ, ಎಎಫ್ ಅದಕ್ಕೆಲ್ಲ ಬಗ್ಗುವುದಿಲ್ಲ.

ಹೆಚ್ಚುವರಿ ಮಾತ್ರೆ ಯಾವಾಗ, ಎಷ್ಟು ಬಡಿತ ಎಷ್ಟು ಹೊತ್ತು ಇದ್ದರೆ ಫೋನ್ ಮಾಡಬೇಕು ಎಂಬುದನ್ನು ಡಾಕ್ಟರೇ ತಮ್ಮ ಕೈಯಲ್ಲಿ ಬರೆದರು. ಆ ಗಡಿ ಮೇಷ್ಟ್ರಿಗೆ ಮಾತ್ರ. ಓದುವವರು ತಮ್ಮ ಡಾಕ್ಟರಿಂದ ತಮ್ಮದನ್ನು ಬರೆಸಿಕೊಳ್ಳಿ. ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದದ್ದು ಮಾತ್ರ ಎಲ್ಲರಿಗೂ ಒಂದೇ: ಎದೆನೋವು, ಉಸಿರಾಟಕ್ಕೆ ಕಷ್ಟ, ಕಣ್ಣು ಕತ್ತಲೆ ಬಂದು ಬೀಳುವುದು, ಬಾಯಿ ಸೊಟ್ಟ, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ನಾಡಿ ಎಣಿಸುತ್ತಾ ಕೂರಬಾರದು, 108. ಲಕ್ವದ ಲಕ್ಷಣವಾದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು, ರಕ್ತ ತೆಳುವಾಗಿಸುವ ಮಾತ್ರೆ ಹೆಸರು ಹೇಳಬೇಕು.

ಮಗನ ಜೊತೆ ಮಾತು ಸ್ವಲ್ಪ ಕಷ್ಟದ್ದೇ ಆಯಿತು. ದೂರದಲ್ಲಿದ್ದವನಿಗೆ ನಂಬರ್ ಕೇಳುವುದೊಂದೇ ದಾರಿ, ಅಲ್ವಾ? ಕೊನೆಗೆ ಬೆಳಿಗ್ಗೆ ಒಂದು ಸಲ ಫೋನ್ ಮಾಡಿ "ಎರಡೂ ಹೊತ್ತಿನ ಮಾತ್ರೆ ಆಯ್ತಾ ಅಪ್ಪ" ಎಂದು ಕೇಳುವ ಕೆಲಸ ಅವನಿಗೆ ಕೊಟ್ಟೆವು.

ಡಾಕ್ಟರ್ ಒಪ್ಪಿದ ಮೇಲೆ ಇನ್ನೊಂದು ಮಾಡಿದೆ. ನನ್ನ ಕೋಣೆಯಿಂದ ಎರಡು ಮಹಡಿ ಮೆಟ್ಟಿಲು ಹತ್ತಿಸಿದೆ. ಮೇಲೆ ಹೋಗಿ ನಿಂತರು, ಏದುಸಿರು, ಬೆರಳು ಮಣಿಕಟ್ಟಿನ ಮೇಲೆ. "ಓಡ್ತಿದೆ. ಆದ್ರೆ ತಾಳ ಸರಿಯಾಗಿದೆ." ಇಷ್ಟು ದಿನ ಎರಡೂ ಅವರಿಗೆ ಒಂದೇ ಆಗಿತ್ತು. ವಾಕಿಂಗ್ ಮತ್ತೆ ಶುರುವಾದದ್ದು ಇದಾದ ಮೇಲೆ. ಮೊದಲು ಬೀದಿ ತುದಿಯವರೆಗೆ, ಆಮೇಲೆ ಪಾರ್ಕಿಗೆ.

ಕಾಫಿ ಬಿಡಬೇಕಾ ಎಂದು ಕೇಳಿದರು. ದಿನಕ್ಕೆ ಎರಡು ಲೋಟಕ್ಕೆ ನಾನೇನೂ ಅನ್ನಲಿಲ್ಲ, ಕುಡಿತವಾಗಿದ್ದರೆ ಖಂಡಿತ ಬಿಡಿ ಎನ್ನುತ್ತಿದ್ದೆ. "ಗೊರಕೆ ಮಾತ್ರ ಪಕ್ಕದ ಮನೆಗೂ ಕೇಳುತ್ತೆ" ಎಂದು ಅಮ್ಮನವರು ಬಾಯಿಹಾಕಿದರು. ತಮಾಷೆಗೆ ಹೇಳಿದ ಮಾತೇ ಉಪಯೋಗಕ್ಕೆ ಬಂತು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಎಎಫ್ ಹೆಚ್ಚು, ಇವರಿಗೆ ಬಡಿತ ಬರುವುದೂ ರಾತ್ರಿಯೇ. ಈಗ ಡಾಕ್ಟರ್ ನಿದ್ದೆಯ ಪರೀಕ್ಷೆಗೆ ಬರೆದಿದ್ದಾರೆ.

ಬಡಿತ ಈಗಲೂ ಬರುತ್ತದೆ. ಎಮರ್ಜೆನ್ಸಿಗೆ ಓಡುವುದು ಕಡಿಮೆಯಾಗಿದೆ. ಅಬ್ಲೇಶನ್, ಅಂದರೆ ತಾಳ ತಪ್ಪಿಸುವ ಸಂಕೇತಗಳನ್ನು ಹೃದಯದೊಳಗೇ ತಡೆಯುವ ಚಿಕಿತ್ಸೆ, ಅದರ ಬಗ್ಗೆ ಡಾಕ್ಟರ್ ಹೇಳಿದ್ದಾರೆ, ಮೇಷ್ಟ್ರು ಇನ್ನೂ ಯೋಚಿಸುತ್ತಿದ್ದಾರೆ. ಮುಂದಿನ ತಿಂಗಳು ಒಂದು ಹಲ್ಲು ಕೀಳಿಸಬೇಕಾಗಿದೆ. ಅಪಿಕ್ಸಬ್ಯಾನ್ ತಾವಾಗಿಯೇ ನಿಲ್ಲಿಸದೆ, ದಂತವೈದ್ಯರಿಗೂ ಹೃದಯದ ಡಾಕ್ಟರಿಗೂ ಮೊದಲೇ ಮಾತಾಡಿಸಬೇಕು ಎಂದು ಹಾಳೆಯಲ್ಲಿ ಒಂದು ಸಾಲು ಸೇರಿಸಿದ್ದೇವೆ.