ಮೈಯೆಲ್ಲಾ ಸ್ನಾಯು ಅದುರುತ್ತದೆ, ಡಾಕ್ಟರು ‘ಟೆನ್ಷನ್ ಅಷ್ಟೇ’ ಅಂತಾರೆ. ಡಾಕ್ಟರನ್ನು ಬದಲಾಯಿಸಲಾ?

ಈಗಲೇ ಬೇಡ. ನನಗೂ ಹೀಗೇ ಆಗಿತ್ತು. ಮೊದಲು ಎಡಗಾಲಿನ ಮೀನಖಂಡ, ಆಮೇಲೆ ತೊಡೆ, ಹೆಬ್ಬೆರಳ ಬುಡ. ಕಾಲು ಚಾಚಿ ಕೂತರೆ ಚರ್ಮದ ಕೆಳಗೆ ಹುಳ ಹರಿದಾಡಿದ ಹಾಗೆ ಕಾಣುತ್ತಿತ್ತು. ಡಾಕ್ಟರ ಮುಂದೆ ಮಾತ್ರ ನಿಂತುಬಿಡುತ್ತಿತ್ತು.

‘ಬೇರೆ ಮಾತ್ರೆ ಏನಾದ್ರೂ ತಗೋತೀರಾ?’ ಅಂತ ಅವರು ಕೇಳಿದ್ದರು. ಇಲ್ಲ ಅಂದೆ. ನಾನು ಎಡವಿದ್ದು ಅಲ್ಲೇ. ಎದೆಯುರಿಗೆ ಅಂತ ವರ್ಷಗಟ್ಟಲೆ ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಅದನ್ನು ಔಷಧಿ ಅಂತ ಎಣಿಸಿಯೇ ಇರಲಿಲ್ಲ. ಅದರ ಬದಲು ಎಎಲ್‌ಎಸ್ (ಸ್ನಾಯುಗಳ ಬಲ ಕುಂದಿಸುತ್ತಾ ಹೋಗುವ ಮಾರಕ ನರರೋಗ) ಬಗ್ಗೆ ಓದಿದ್ದನ್ನೆಲ್ಲ ಒಪ್ಪಿಸಿದೆ. ಅವರಿಗೆ ಕಂಡಿದ್ದು ನನ್ನ ಭಯ, ಚೀಟಿಯಲ್ಲಿ ಬರೆದದ್ದೂ ಅದನ್ನೇ. ಆಮೇಲೆ ಯಾರ ಹತ್ತಿರ ಹೋದರೂ ಆ ಚೀಟಿ ನೋಡಿಯೇ ಮಾತು ಶುರು. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ ಬಹಳ ಕಾಲ ತಗೊಂಡರೆ ಕೆಲವರಲ್ಲಿ ರಕ್ತದ ಮೆಗ್ನೀಸಿಯಂ ಇಳಿಯುತ್ತದೆ, ಅದು ಇಳಿದರೆ ಸ್ನಾಯು ಅದುರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಮೆಗ್ನೀಸಿಯಂ ಎಷ್ಟೋ ಸಲ ಇರುವುದೇ ಇಲ್ಲ. ಹಾಗಾಗಿ ನನ್ನ ರಿಪೋರ್ಟೆಲ್ಲಾ ನಾರ್ಮಲ್! ಕೊನೆಗೆ ಒಬ್ಬ ನರರೋಗ ತಜ್ಞರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಅಂದರು. ಚೀಲದಿಂದ ಪ್ಯಾಂಟೊಪ್ರಜೋಲ್‌ನ ಖಾಲಿ ಸ್ಟ್ರಿಪ್ ಎತ್ತಿ ನೋಡಿದವರೇ ಮೆಗ್ನೀಸಿಯಂ ಪರೀಕ್ಷೆ ಬರೆದರು. ತುಂಬಾ ಕಮ್ಮಿ ಇತ್ತು. ಮಾತ್ರೆ ಬದಲಾದ ಮೇಲೆ ಅದುರುವುದು ನಿಧಾನಕ್ಕೆ ಇಳಿಯಿತು.

ಡಾಕ್ಟರು ನಿಮ್ಮನ್ನು ನಂಬಬೇಕು ಅನ್ನುವ ಹಟ ಬಿಡಿ. ಅವರು ನಿಮ್ಮನ್ನು ಮುಟ್ಟಿ ಪರೀಕ್ಷಿಸಬೇಕು, ಅದನ್ನು ಕೇಳಿ. ಕೈಕಾಲಿನ ಬಲ, ಸುತ್ತಿಗೆ ತಟ್ಟಿ ನೋಡುವ ರಿಫ್ಲೆಕ್ಸ್, ನಾಲಿಗೆ. ಅದುರುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಉಬ್ಬಸದ ಇನ್ಹೇಲರ್, ಕಾಫಿ, ನಿದ್ದೆಗೆಟ್ಟ ರಾತ್ರಿ, ಎಲ್ಲಾ ಹೇಳಿ. ರೋಗದ ಹೆಸರು ಮಾತ್ರ ನೀವಾಗಿ ಎತ್ತಬೇಡಿ. ಥೈರಾಯ್ಡ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ನೋಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ಬಲ ಕಮ್ಮಿಯಾಗದೆ ಬರೀ ಅದುರುವುದಾದರೆ ಸಾಮಾನ್ಯವಾಗಿ ಅಪಾಯವಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯವರು ಇಂಥ 121 ಜನರನ್ನು 2ರಿಂದ 32 ವರ್ಷ ಗಮನಿಸಿ 1993ರಲ್ಲಿ ವರದಿ ಮಾಡಿದರು. ಒಬ್ಬರಿಗೂ ಎಎಲ್‌ಎಸ್ ಬಂದಿರಲಿಲ್ಲ. ಆದರೆ ಗುಂಡಿ ಹಾಕಲು ಕಷ್ಟ, ಪಾದ ಎಳೆದಂತಾಗುವುದು, ಮಾತು ತೊದಲುವುದು, ಸ್ನಾಯು ಸಣ್ಣಗಾಗುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಆಗಲೂ ‘ಟೆನ್ಷನ್’ ಅಂದರೆ ಖಂಡಿತ ಬೇರೆ ಡಾಕ್ಟರನ್ನು ನೋಡಿ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.